ಚಿಕ್ಕವಳ ಚುಕ್ಕೆ

ಜೂನ್ ೩, ಸೋಮವಾರ

ಇವತ್ತಿನಿಂದ ಫೋನಿನಲ್ಲಿ ಕ್ಲಾಸು. ಐವತ್ತು ತುಂಬಿದ ಮೇಲೆ ಮತ್ತೆ ಹಾಜರಿ ಹೇಳುವ ಯೋಗ ಬಂತು. ಹಾಸಿಗೆ ಹಿಡಿದವರ ಆರೈಕೆ ಹೇಗೆ ಮಾಡಬೇಕು ಅಂತ ನಮ್ಮ ಆಸ್ಪತ್ರೆಯ ಆಯಾಗಳು, ಆಂಬುಲೆನ್ಸಿನವರು, ಬಟ್ಟೆ ಒಗೆಯುವವರು, ಎಲ್ಲರಿಗೂ ಕಲಿಸುತ್ತಾರಂತೆ. ಕೂದಲು ಬೆಳ್ಳಗಾಗುವ ತನಕ ಅದನ್ನೇ ಮಾಡಿದವಳಿಗೂ ಕಲಿಸುತ್ತಾರಂತೆ. ಇರಲಿ. ಸೋಮವಾರ, ಗುರುವಾರ ಸಂಜೆ.

ಮೇಡಂ ಪಾಠ ಹೇಳುವುದು ಸ್ವಲ್ಪ ಹೊತ್ತು. ಆಮೇಲೆ ನಾಲ್ಕು ನಾಲ್ಕು ಜನರನ್ನು ಒಂದೊಂದು ಕೋಣೆಗೆ ಹಾಕುತ್ತಾರೆ. ಕೋಣೆ ಅಂದರೆ ಗೋಡೆ ಬಾಗಿಲು ಇರುವ ಕೋಣೆಯಲ್ಲ, ಫೋನಿನೊಳಗಿನದು. ಅಲ್ಲಿ ಒಬ್ಬ ರೋಗಿಯ ಕಥೆ ಕೊಡುತ್ತಾರೆ. ನಾವು ನಾವೇ ಮಾತಾಡಿಕೊಂಡು, ನಾಲ್ವರೂ ಒಪ್ಪುವ ಒಂದು ಉತ್ತರ ಬರೆಯಬೇಕು. ನನ್ನ ಕೋಣೆಯಲ್ಲಿ ಆಂಬುಲೆನ್ಸಿನ ಡ್ರೈವರಣ್ಣ, ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಣ್ಣ. ನಾಲ್ಕನೆಯವರು ಯಾರು ಅಂತ ಕನ್ನಡಕ ಸರಿಮಾಡಿಕೊಂಡು ನೋಡಿದರೆ, ನಮ್ಮ ಚಿಕ್ಕವಳು! ನನ್ನ ವಾರಗಿತ್ತಿ, ಮೈದುನನ ಹೆಂಡತಿ. ಮನೆಯಲ್ಲೂ ಅವಳೇ, ವಾರ್ಡಿನಲ್ಲೂ ಅವಳೇ, ಇನ್ನು ಫೋನಿನಲ್ಲೂ ಅವಳೇ. ಭಗವಂತ, ನಿನ್ನ ತಮಾಷೆಗೂ ಒಂದು ಮಿತಿ ಬೇಡವೇ?

ಇಬ್ಬರೂ ಒಂದೇ ಕಡೆ ಕೂತರೆ ಫೋನುಗಳು ಕುಂಯ್ಯೋ ಅಂತ ಅರಚಿಕೊಳ್ಳುತ್ತವೆ. ಅದಕ್ಕೆ ಅವಳು ನಡುಮನೆಯಲ್ಲಿ, ನಾನು ಅಡುಗೆಮನೆಯಲ್ಲಿ ಪಾತ್ರೆಗಳ ಮಧ್ಯೆ. ಅತ್ತೆಯ ಮಂಚ ನಡುಮನೆಯಲ್ಲಿದೆ, ಅತ್ತೆಗೆ ಅವಳು ಕಣ್ಣೆದುರಿಗೆ ಇರಬೇಕು. ಲಕ್ವ ಹೊಡೆದು ಬಾಯಿ ಬಿದ್ದುಹೋದ ಮೇಲೂ ಅತ್ತೆಗೆ ಯಾರು ಬೇಕು ಯಾರು ಬೇಡ ಅನ್ನುವುದು ಮಾತ್ರ ಸ್ಪಷ್ಟವಾಗಿಯೇ ಇದೆ.

ಹಾಲು ಉಕ್ಕಿತು ಅಂತ ಎದ್ದು ಹೋಗಿ ಬರುವಷ್ಟರಲ್ಲಿ ಮೇಡಂ ಏನೋ ಮುಖ್ಯವಾದ್ದನ್ನು ಹೇಳಿ ಮುಗಿಸಿದ್ದರು. ಪರದೆಯ ಮೂಲೆಯಲ್ಲಿ ನಾಲ್ಕು ಬಣ್ಣದ ಚುಕ್ಕೆ ಇದ್ದವು. ಯಾಕೋ ತಿಳಿಯಲಿಲ್ಲ.

ಜೂನ್ ೬, ಗುರುವಾರ

ತಿಳಿಯಿತು. ಮಾತಾಡಿದವರ ಚುಕ್ಕೆ ಉಬ್ಬುತ್ತದೆ! ನೀಲಿ ಡ್ರೈವರಣ್ಣನದು, ಕಂದು ಲಾಂಡ್ರಿಯಣ್ಣನದು, ಹಸಿರು ನನ್ನದು, ಹಳದಿ ಅವಳದು. ಇವತ್ತು ಹಳದಿ ಚುಕ್ಕೆ ಹುಣ್ಣಿಮೆ ಚಂದ್ರನ ಹಾಗೆ ಏರಿ ಕೂತಿತ್ತು. ನನ್ನದು ಸಾಸಿವೆ ಕಾಳು.

ಊಟ ಬೇಡ ಅಂತ ಮುಖ ತಿರುಗಿಸುವ ಮುದುಕಿಯ ಕಥೆ ಕೊಟ್ಟಿದ್ದರು. ನಾನು ಬಾಯಿ ತೆರೆಯುವ ಮೊದಲೇ ಇವಳು, "ನಮ್ಮ ಪರಿಚಯದ ಒಬ್ಬರು ಅಜ್ಜಿ ಇದ್ದಾರೆ, ಅವರ ಪಕ್ಕದಲ್ಲೇ ತಟ್ಟೆ ಇಟ್ಕೊಂಡು ನಾನೂ ಊಟಕ್ಕೆ ಕೂತ್ಕೋತೀನಿ" ಅಂತ ಶುರುಮಾಡಿದಳು. ಪರಿಚಯದ ಅಜ್ಜಿಯಂತೆ! ಆ ಅಜ್ಜಿಯ ಮಂಚದ ಹತ್ತಿರವೇ ಕೂತು ಹೇಳುತ್ತಿದ್ದಾಳೆ. ಅಷ್ಟರಲ್ಲಿ ಮೇಡಂ ನಮ್ಮ ಕೋಣೆಗೆ ಇಣುಕಿದರು. "ಬಹಳ ಚೆನ್ನಾಗಿ ಹೇಳಿದ್ರಿ" ಅಂದರು. ಹೋದರು. ಯಾರಿಗೆ ಅಂದದ್ದು ಅಂತ ಕೇಳಬೇಕೇ?

ಅತ್ತೆಯ ಹಾಸಿಗೆ ಬದಲಾಯಿಸುವವಳು ನಾನು, ಬೆನ್ನು ತಿಕ್ಕುವವಳು ನಾನು, ಹೊಗಳಿಕೆ ಮಾತ್ರ ಅವಳಿಗೆ.

ಯಜಮಾನರ ಹತ್ತಿರ ಹೇಳಿಕೊಂಡೆ. "ಚುಕ್ಕೆಗೆಲ್ಲ ಹೊಟ್ಟೆಕಿಚ್ಚು ಪಟ್ಕೋತಾರೇನೇ?" ಅಂದರು. ಗಂಡಸರಿಗೆ ಏನು ಗೊತ್ತು.

ಜೂನ್ ೧೦, ಸೋಮವಾರ

ದೊಡ್ಡ ಸುದ್ದಿ. ಮುಂದಿನ ತಂಡಕ್ಕೆ ಕ್ಲಾಸು ಶುರುವಾದಾಗ ಕೋಣೆಗಳಲ್ಲಿ ಕೂತು ಚರ್ಚೆ ನಡೆಸಿಕೊಡಲು ನಮ್ಮಲ್ಲೇ ಒಬ್ಬರನ್ನು ಆರಿಸುತ್ತಾರಂತೆ. ಹಾಗೆ ಆರಿಸಿದವರಿಗೆ ವಾರ್ಡಿನ ಕೆಲಸ ಇಲ್ಲ, ರಾತ್ರಿ ಪಾಳಿ ಇಲ್ಲ. ಕುರ್ಚಿಯ ಮೇಲೆ ಕೂತು ಮಾಡುವ ಕೆಲಸ. ನನ್ನ ಮಂಡಿಗಳು ಫೋನಿನ ಮಾತು ಕೇಳಿಸಿಕೊಂಡು ಒಳಗೊಳಗೇ ನಕ್ಕಿರಬೇಕು. ಬಗ್ಗಿ ಬಗ್ಗಿ ಮಲದ ಪಾತ್ರೆ ಎತ್ತಿ ಸಾಕಾಗಿದೆ. ಈ ಕೆಲಸ ನನಗೆ ಬೇಕು. ದೀಪ ಹಚ್ಚುವಾಗ ನಾಚಿಕೆ ಬಿಟ್ಟು ಕೇಳಿದೆ: ದೇವರೇ, ಇದನ್ನು ನನಗೇ ಕೊಡು.

ಹೊರಗೆ ಬಂದರೆ ಚಿಕ್ಕವಳು ಬಟ್ಟೆ ಮಡಚುತ್ತಿದ್ದಳು. "ಅಕ್ಕಾ, ಆ ಕೆಲ್ಸದ ಮೇಲೆ ನನಗೂ ಆಸೆ ಇದೆ. ನಿಮ್ಮ ಹತ್ರ ಮುಚ್ಚಿಡೋದು ಯಾಕೆ?" ಅಂದಳು.

"ಆಸೆ ಪಡೋಕೆ ಯಾರ ಅಪ್ಪಣೆ ಬೇಕಮ್ಮ" ಅಂದೆ. ನಕ್ಕೆ ಕೂಡ. ಆ ನಗು ತರುವುದಕ್ಕೆ ಪಟ್ಟ ಕಷ್ಟ ನನಗೇ ಗೊತ್ತು. ಅವಳು ಕಾಲೇಜು ಮೆಟ್ಟಿಲು ಹತ್ತಿದವಳು. ನಾನು ಊರ ಶಾಲೆಯಲ್ಲಿ ಏಳನೇ ತರಗತಿ. ದೇವರು ನ್ಯಾಯವಂತನೇ ಆದರೂ ಒಮ್ಮೊಮ್ಮೆ ಅವನಿಗೂ ನೆನಪು ಮಾಡಬೇಕಾಗುತ್ತದೆ.

ಜೂನ್ ೧೩, ಗುರುವಾರ

ಇವತ್ತು ಹಸಿರಿನದೇ ರಾಜ್ಯ.

ಕೋಣೆಗೆ ಹಾಕಿದ ಕೂಡಲೇ ಮೂವರೂ ಕಾಣಲಿಲ್ಲ. ನೆಟ್‌ವರ್ಕಿನಲ್ಲಿ ಎಲ್ಲೆಲ್ಲೋ ಸಿಕ್ಕಿಹಾಕಿಕೊಂಡಿದ್ದರು. ಖಾಲಿ ಕೋಣೆಯಲ್ಲಿ ಬಾಯಿ ಮುಚ್ಚಿಕೊಂಡು ಕೂತರೆ ಚುಕ್ಕೆ ಉಬ್ಬೀತೇ? ನನಗೆ ಬಾಯಿಗೆ ಬರುವುದು ಬೆಳಗಿನ ಪ್ರಾರ್ಥನೆ. ಕಣ್ಣು ಮುಚ್ಚಿ ಅದನ್ನೇ ರಾಗವಾಗಿ ಶುರುಮಾಡಿದೆ. ಒಂದು ಕಣ್ಣು ತೆರೆದು ನೋಡಿದರೆ ಹಸಿರು ಊದಿಕೊಳ್ಳುತ್ತಿದೆ! ಭಕ್ತಿಗೆ ಫಲ ಇಷ್ಟು ಬೇಗ ಕಣ್ಣಿಗೆ ಕಂಡದ್ದು ಇದೇ ಮೊದಲು. ಎರಡನೆಯ ಸಲ ಹೇಳಿದೆ. ಮೂರನೆಯ ಸಲಕ್ಕೆ ಬಂದಾಗ ಡ್ರೈವರಣ್ಣನ ಗಂಟಲು:

"ಅಮ್ಮೋರೇ, ಚಪ್ಪಲಿ ಹೊರಗೆ ಬಿಟ್ಟು ಬರ್ಬೇಕಾ, ಹಾಗೇ ಬರ್ಬಹುದಾ?"

ಲಾಂಡ್ರಿಯಣ್ಣ ನಕ್ಕಂತಾಯಿತು. ಅವನ ದನಿ ಕೇಳಿದ್ದೇ ಮೊದಲು, ಅದೂ ನನ್ನನ್ನು ನೋಡಿ ನಗುವುದಕ್ಕೆ. ಆಮೇಲೂ ನಾನು ಬಿಡಲಿಲ್ಲ. ಸ್ನಾನ ಬೇಡ ಅನ್ನುವ ರೋಗಿಯ ಬಗ್ಗೆ ಕೇಳಿದರೆ ನನ್ನ ಸೋದರಮಾವನ ಕಾಯಿಲೆಯಿಂದ ಹಿಡಿದು ನೀರು ಕಾಯಿಸುವ ಬಗೆಯ ತನಕ ಹೇಳಿದೆ. ಚಿಕ್ಕವಳು, "ಅಕ್ಕಾ, ಒಂದು ನಿಮಿಷ" ಅಂದಳು. ಕೊಡಲಿಲ್ಲ.

ಜೂನ್ ೧೪, ಶುಕ್ರವಾರ

ಪಾತ್ರೆ ತೊಳೆಯುವಾಗ ಚಿಕ್ಕವಳು ಮೆಲ್ಲಗೆ ಬಂದು, "ಅಕ್ಕಾ, ಬೇಜಾರು ಮಾಡ್ಕೋಬೇಡಿ. ಆ ಚುಕ್ಕೆ ಇದೆಯಲ್ಲ, ಅದು ಮಾರ್ಕ್ಸ್ ಅಲ್ಲ. ಯಾರು ಎಷ್ಟು ಮಾತಾಡಿದ್ರು ಅಂತ ನಮಗೆ ಗೊತ್ತಾಗ್ಲಿ ಅಂತ ಇಟ್ಟಿರೋದು. ಮೊದಲ ದಿನ ಮೇಡಂ ಹೇಳಿದ್ರು" ಅಂದಳು.

ನನ್ನ ಚುಕ್ಕೆ ದೊಡ್ಡದಾದ ಮಾರನೇ ದಿನವೇ ಇವಳಿಗೆ ಇದು ನೆನಪಾಯಿತು ನೋಡಿ.

"ನಿನ್ನದು ದೊಡ್ಡದಾಗಿದ್ದಾಗ ಹೇಳಲಿಲ್ಲವಲ್ಲ" ಅಂದೆ. ಮುಖ ಸಪ್ಪಗೆ ಮಾಡಿಕೊಂಡು ಹೋದಳು.

ಜೂನ್ ೧೭, ಸೋಮವಾರ

ಭೂಮಿ ಬಾಯಿ ಬಿಡಬಾರದಿತ್ತೇ?

ಮೇಡಂ ಎಲ್ಲರೆದುರು ಹೇಳಿದರು. "ಒಂದು ಕೋಣೆಯಲ್ಲಿ ಒಂದೇ ಚುಕ್ಕೆ ಊದಿಕೊಂಡಿತ್ತು. ಕಾಲು ಊದಿದರೆ ಏನು ಮಾಡ್ತೀರಿ? ಕಾಯಿಲೆ ಅಂತೀರಿ. ಇದೂ ಹಾಗೇ. ಮಾತು ಎಲ್ಲರಿಗೂ ಹಂಚಿಹೋಗಬೇಕು." ಹೆಸರು ಹೇಳಲಿಲ್ಲ. ಹೇಳದಿದ್ದರೂ ನನ್ನ ಕಿವಿ ಬಿಸಿಯಾಯಿತು. ಡ್ರೈವರಣ್ಣ ಕೆಮ್ಮಿದ.

ಚಿಕ್ಕವಳು ಹೇಳಿದ್ದು ನಿಜವೇ ಆಗಿತ್ತು. ಅದು ಇನ್ನೂ ಉರಿಯುತ್ತದೆ. ಸುಳ್ಳು ಹೇಳಿದ್ದರೆ ಎಷ್ಟು ಚೆನ್ನಾಗಿತ್ತು.

ಆದರೆ ದೇವರ ಮುಂದೆ ಕೂತು ಯೋಚನೆ ಮಾಡಿದೆ. ದೊಡ್ಡ ಚುಕ್ಕೆ ಕಾಯಿಲೆಯಾದರೆ ಮೊದಲು ಕಾಯಿಲೆ ಬಂದದ್ದು ಹಳದಿಗೆ, ಹಸಿರಿಗಲ್ಲ. ಅದನ್ನು ಇಳಿಸಬೇಕು. ನಾನೇ ಮಾತಾಡಿ ಇಳಿಸಿದರೆ ನನಗೇ ಬಾವು. ಬೇರೆಯವರಿಂದ ಆಡಿಸಬೇಕು. ಡ್ರೈವರಣ್ಣನಿಗೆ ಬಾಯಿ ಇದೆ, ತಿರುವಿದರೆ ಸಾಕು. ಲಾಂಡ್ರಿಯಣ್ಣನದೇ ಕಷ್ಟ. ಅವನ ಚುಕ್ಕೆ ಹುಟ್ಟಿದ ದಿನ ಇದ್ದಷ್ಟೇ ಇದೆ.

ಜೂನ್ ೨೦, ಗುರುವಾರ

ಕೆಲಸ ಮಾಡಿತು!

ಸ್ನಾನ ಬೇಡ ಅನ್ನುವ ರೋಗಿಯ ಕಥೆಯನ್ನೇ ಮತ್ತೆ ಕೊಟ್ಟಿದ್ದರು. ಚಿಕ್ಕವಳು ಉಸಿರು ತೆಗೆದುಕೊಳ್ಳುವುದನ್ನೇ ಕಾದಿದ್ದು, "ಲಾಂಡ್ರಿಯಣ್ಣ, ನೀವೇನಂತೀರಿ?" ಅಂತ ಕೇಳಿಬಿಟ್ಟೆ. "ನಾನೇನ್ ಹೇಳ್ಲಿ, ಎಲ್ಲಾ ಸರಿಯಾಗೇ ಇದೆ" ಅಂದ. ಅಷ್ಟಕ್ಕೆ ಬಿಟ್ಟರೆ ಮಾತು ಮತ್ತೆ ಹಳದಿಗೆ ಹೋಗುತ್ತದೆ. "ಸರಿ ಅಂದ್ರೆ ಯಾವುದು ಸರಿ? ಆ ಮನುಷ್ಯ ಸ್ನಾನ ಬೇಡ ಅಂತಾನಲ್ಲ, ಯಾಕಿರಬಹುದು? ನಿಮಗೆ ಅನ್ನಿಸಿದ್ದು ಹೇಳಿ, ತಪ್ಪಾದ್ರೆ ಡ್ರೈವರಣ್ಣ ಇದ್ದೇ ಇದ್ದಾನೆ, ಅದಕ್ಕಿಂತ ದೊಡ್ಡ ತಪ್ಪು ಹೇಳ್ತಾನೆ" ಅಂದೆ.

"ಏನಮ್ಮೋರೇ, ಸ್ಟೇರಿಂಗ್ ನನ್ನ ಕಡೆಗೇ ತಿರುಗಿಸಿದ್ರಲ್ಲ" ಅಂದ ಡ್ರೈವರಣ್ಣ.

ನಗು ಇಳಿದ ಮೇಲೆ ಲಾಂಡ್ರಿಯಣ್ಣ ಹೇಳಿದ: "ನಾನು ಒಂದ್ಸಲ ಜಾರಿ ಬಿದ್ದು ಸೊಂಟ ಮುರ್ಕೊಂಡು ಮಲಗಿದ್ದೆ. ಮಗಳು ಸ್ನಾನ ಮಾಡಿಸ್ತೀನಿ ಅಂದ್ರೆ ಬೇಡ ಅಂತಿದ್ದೆ. ಕೊಳೆ ಇಷ್ಟ ಅಂತ ಅಲ್ಲ. ನಾಚಿಕೆ."

ಆಮೇಲೆ ಅದನ್ನೇ ಉತ್ತರದಲ್ಲಿ ಬರೆದೆವು. ಹಳದಿ ಇವತ್ತು ಬಟಾಣಿ ಗಾತ್ರ. ಸಂತೋಷವಾಯಿತು. ಆದರೆ ಚುಕ್ಕೆಗಿಂತ ಜಾಸ್ತಿ ಹೊತ್ತು ತಲೆಯಲ್ಲಿ ಉಳಿದದ್ದು ಆ 'ನಾಚಿಕೆ' ಅನ್ನುವ ಮಾತು. ವಾರ್ಡಿನ ಮೂಲೆ ಮಂಚದ ಮುದುಕರು ನಾನು ಪರದೆ ಎಳೆಯುವುದು ಮರೆತಾಗ ಕಣ್ಣು ಮುಚ್ಚಿಕೊಳ್ಳುತ್ತಾರೆ. ನಿದ್ದೆ ಅಂದುಕೊಂಡಿದ್ದೆ.

ಜೂನ್ ೨೪, ಸೋಮವಾರ

ಹಳದಿ ಇವತ್ತೂ ಏರಲಿಲ್ಲ. ಲಾಂಡ್ರಿಯಣ್ಣ ಈಗ ಕೇಳದಿದ್ದರೂ ಮಾತಾಡುತ್ತಾನೆ, ನಿಲ್ಲಿಸುವುದೇ ಕಷ್ಟ. ಅವನ ಮಗಳ ಮದುವೆಯ ತನಕ ಹೋದ, ಹಿಂದಕ್ಕೆ ಕರೆದುಕೊಂಡು ಬಂದೆ.

ಮೇಡಂ ಇಣುಕಿದಾಗ ನಾಲ್ಕೂ ಚುಕ್ಕೆ ಒಂದೇ ಮರದ ಹಣ್ಣುಗಳ ಹಾಗೆ ಇದ್ದವು. ಏನೂ ಹೇಳದೆ ಹೋದರು. ಹೇಳಬಹುದಿತ್ತು.

ಜೂನ್ ೨೭, ಗುರುವಾರ

ಇವತ್ತು ತಡೆಯಲಾಗಲಿಲ್ಲ.

ಹಾಸಿಗೆ ಒದ್ದೆ ಮಾಡಿಕೊಳ್ಳುವ ರೋಗಿಯ ಕಥೆ ಬಂತು. ಚಿಕ್ಕವಳು ಈ ಸಲ ಪರಿಚಯದ ಅಜ್ಜಿ ಅನ್ನಲಿಲ್ಲ, "ನಮ್ಮ ಅತ್ತೆ" ಅಂದಳು. ಅತ್ತೆ ಹೇಗೆ ಅಳುತ್ತಾರೆ, ಹೇಗೆ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಾರೆ, ಎಲ್ಲ ಹೇಳಿದಳು. ಡ್ರೈವರಣ್ಣ ಕಣ್ಣು ಒರೆಸಿಕೊಂಡ. ಮೇಡಂ ಬಂದು ನಿಂತು ಕೇಳಿದರು, ಹೋಗಲೇ ಇಲ್ಲ.

ಕ್ಲಾಸು ಮುಗಿದ ಕೂಡಲೇ ನಡುಮನೆಗೆ ಹೋದೆ. ಯಜಮಾನರೂ ಇದ್ದರು, ಮೈದುನನೂ ಇದ್ದ. "ಅತ್ತೆ ಹಾಸಿಗೆ ಒದ್ದೆ ಮಾಡ್ಕೊಳ್ಳೋದನ್ನೂ ಊರಿಗೆಲ್ಲ ಹಾಡಿಕೊಂಡು ಬಂದ್ಯಲ್ಲ! ಆ ಕುರ್ಚಿಗೋಸ್ಕರ ಇನ್ನೇನೇನು ಮಾರ್ತೀಯೋ?" ಅಂದೆ.

ಅತ್ತೆ ಮಂಚದಿಂದ ಏನೋ ಹೇಳಲು ಹೊರಟು, "ಅ... ಅ..." ಅಂದರು. "ನೀರು ಬೇಕಾ ಅತ್ತೆ? ತಂದೆ ಇರಿ" ಅಂತ ನಾನೇ ಓಡಿ ತಂದೆ. ಕುಡಿಯಲಿಲ್ಲ. ಮುಖ ಗೋಡೆಗೆ ತಿರುಗಿಸಿದರು.

ನಾನು ಆಡಿದ್ದರಲ್ಲಿ ತಪ್ಪೇನಿದೆ? ಮನೆಯ ಮಾನ ಮನೆಯಲ್ಲಿರಬೇಕು. ಯಜಮಾನರು ಊಟಕ್ಕೆ ಕೂತಾಗ ಉಪ್ಪಿನ ಡಬ್ಬಿಯನ್ನು ಕೂಡ ನನ್ನ ಹತ್ತಿರ ಕೇಳಲಿಲ್ಲ, ಎದ್ದು ತಾವೇ ತೆಗೆದುಕೊಂಡರು.

ಜುಲೈ ೧, ಸೋಮವಾರ

ಚಿಕ್ಕವಳು ಕ್ಲಾಸಿನಲ್ಲಿ ಬಾಯಿ ಬಿಡಲಿಲ್ಲ. ಮನೆಯಲ್ಲೂ "ಹೂಂ", "ಊಹೂಂ" ಅಷ್ಟೇ. ಒಳ್ಳೆಯದೇ ಆಯಿತು. ಕೆಲಸ ಬೇಗ ಆಗುತ್ತದೆ.

ಪ್ರಾರ್ಥನೆ ಮಾಡುವಾಗ ಎರಡು ಸಲ ಸಾಲು ತಪ್ಪಿತು.

ಜುಲೈ ೪, ಗುರುವಾರ

ಕೊನೆಯ ಚರ್ಚೆ. ಮೇಡಂ ಮೊದಲೇ ಹೇಳಿದ್ದರು: ಇವತ್ತು ಮೊದಲಿಂದ ಕೊನೆಯ ತನಕ ಕೋಣೆಯಲ್ಲೇ ಕೂತು ಕೇಳುತ್ತೇನೆ, ಇದನ್ನು ನೋಡಿಯೇ ಆ ಕೆಲಸಕ್ಕೆ ಆರಿಸುತ್ತೇನೆ. ಮಧ್ಯಾಹ್ನವೇ ದೀಪ ಹಚ್ಚಿದೆ.

ಕೊಟ್ಟ ಕಥೆ: ಮಾತು ಹೋದ ಹೆಂಗಸು, ಮನೆಯವರೆಲ್ಲ ಆಕೆಗೆ ಅದು ಬೇಕು ಇದು ಬೇಕು ಅಂತ ಜಗಳ ಆಡುತ್ತಾರೆ, ನೀವು ಆರೈಕೆಗೆ ಹೋದರೆ ಏನು ಮಾಡುತ್ತೀರಿ? ಇದು ನಮ್ಮ ಮನೆಯದೇ.

ಡ್ರೈವರಣ್ಣನನ್ನು ಕೇಳಿದೆ. ಚಿತ್ರ ತೋರಿಸಿ ಕೇಳಬಹುದು ಅಂದ. ಲಾಂಡ್ರಿಯಣ್ಣನನ್ನು ಕೇಳಿದೆ. ಮೊದಲು ಮನೆಯವರನ್ನು ಹೊರಗೆ ಕಳಿಸಬೇಕು ಅಂದ. ನಾನೂ ಒಂದು ಮಾತು ಸೇರಿಸಿದೆ. ನೀಲಿ, ಕಂದು, ಹಸಿರು ಬೆಳೆದವು. ಹಳದಿ ಸೂಜಿಮೊನೆ. ಇಷ್ಟು ದಿನ ಹಗಲೂ ಇರುಳೂ ನಾನು ಬೇಡಿಕೊಂಡದ್ದು ಇದನ್ನೇ. ಮೇಡಂ ನೋಡುತ್ತಿದ್ದಾರೆ, ಅವಳು ಸುಮ್ಮನಿದ್ದಾಳೆ. ಇನ್ನು ಸ್ವಲ್ಪ ಹೊತ್ತು ಹೀಗೇ ಇದ್ದರೆ ಕುರ್ಚಿ ನನ್ನದು.

ಆ ಚುಕ್ಕೆಯನ್ನೇ ನೋಡುತ್ತಾ ಕೂತೆ. ಬಾಡಿದ ಕಾಯಿಯ ಹಾಗೆ ಇತ್ತು. ಹಾಳಾದ್ದು, ನೋಡಲಾಗಲಿಲ್ಲ. ಅಭ್ಯಾಸಬಲ ಇರಬೇಕು, ಚಿಕ್ಕ ಚುಕ್ಕೆ ಕಂಡರೆ ಕೇಳುವುದು ಈಗ ನನ್ನ ಬಾಯಿಗೆ ಚಟವಾಗಿದೆ.

"ಚಿಕ್ಕವಳೇ, ನೀನು ಹೇಳು" ಅಂದೆ.

"ಏನಿಲ್ಲ."

ಡ್ರೈವರಣ್ಣ, "ಅಂದ್ರೆ ಇನ್ನೊಂದು ಏನಂದ್ರೆ..." ಅಂತ ಶುರುಮಾಡಿದ. "ಸ್ವಲ್ಪ ಬ್ರೇಕ್ ಹಾಕಿ ಡ್ರೈವರಣ್ಣ. ಅವಳು ಹೇಳ್ತಾಳೆ" ಅಂದೆ. ಆಮೇಲೆ ಏನು ಹೇಳಬೇಕೋ ತೋಚದೆ ನಾನೂ ಸುಮ್ಮನಾದೆ. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವುದು ಕೇಳಿಸುತ್ತಿತ್ತು.

"ಮನೆ ವಿಷಯ ಹೇಳ್ಬಹುದಾ ಅಕ್ಕಾ?" ಫೋನಿನಲ್ಲೂ ಕೇಳಿಸಿತು, ಗೋಡೆಯಾಚೆಯಿಂದಲೂ ಕೇಳಿಸಿತು.

"ಹೇಳು" ಅಂದೆ.

"ನಮ್ಮ ಅತ್ತೆಗೆ ಮಾತು ಹೋಗಿಲ್ಲ. ನಿಧಾನ ಆಗಿದೆ. ಒಂದು ಮಾತು ಹೊರಗೆ ಬರೋಕೆ ಬಹಳ ಹೊತ್ತು ಹಿಡಿಯುತ್ತೆ. ಮೊದಲ ಅಕ್ಷರ ಬಂದ ಕೂಡ್ಲೇ ನಾವು ನೀರಾ, ಊಟಾನಾ, ಚಳೀನಾ ಅಂತ ನಾವೇ ಮುಗಿಸಿಬಿಡ್ತೀವಿ. ಅವರಿಗೆ ಸುಸ್ತಾಗಿ ಬಿಟ್ಟುಬಿಡ್ತಾರೆ. ನಾನು ಏನೂ ಮಾಡಲ್ಲ. ಸುಮ್ನೆ ಕೈ ಹಿಡ್ಕೊಂಡು ಕಾಯ್ತೀನಿ. ಒಂದೊಂದ್ಸಲ ಬರುತ್ತೆ. ಬರದಿದ್ರೂ ಅವರಿಗೆ ಕೋಪ ಬರಲ್ಲ."

'ನಾವು' ಅಂದಳು. ಅವಳು ಎಂದೂ ಮುಗಿಸಿದವಳಲ್ಲ. ಮುಗಿಸುವವಳು ನಾನು. ಮೇಡಂ ಎದುರು ಅದನ್ನು ಹೇಳಬಹುದಿತ್ತು, ಹೇಳಲಿಲ್ಲ. ಅದಕ್ಕೂ ನನಗೆ ಹೊಟ್ಟೆ ಉರಿಯಿತು. ಒಳ್ಳೆಯತನದಲ್ಲೂ ಮುಂದೆ ಹೋಗಬೇಕೇ ಇವಳು?

ಕೊನೆಗೆ ಹಸಿರು ಎಲ್ಲಕ್ಕಿಂತ ಚಿಕ್ಕದಾಗಿತ್ತು. ಕುರ್ಚಿ ಹೋಯಿತು ಅಂದುಕೊಂಡು ಎದ್ದೆ.

ಜುಲೈ ೬, ಶನಿವಾರ

ಮೇಡಂ ಫೋನು ಮಾಡಿದರು. ನನ್ನನ್ನೇ ಆರಿಸಿದ್ದಾರೆ.

"ನಾನು ಏನೂ ಹೇಳ್ಲೇ ಇಲ್ವಲ್ಲ ಮೇಡಂ" ಅಂದೆ.

"ಹೇಳಿಸಿದ್ರಲ್ಲ. ಅದೇ ಈ ಕೆಲಸ" ಅಂದರು.

ನಾನು ಅವಳ ಬಾಯಿ ಕಟ್ಟಲು ಹುಡುಕಿದ ಉಪಾಯ ಅದು. ಮೇಡಂ ಅದಕ್ಕೆ ಒಳ್ಳೆಯ ಹೆಸರು ಇಟ್ಟರು. ತಿದ್ದಲು ಹೋಗಲಿಲ್ಲ. ಭಗವಂತನಿಗೆ ಗೊತ್ತು, ಸಾಕು.

ಚಿಕ್ಕವಳು ಹಿತ್ತಿಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದಳು. ಆಮೇಲೆ ಎರಡು ಲೋಟ ಟೀ ತಂದು, "ಅಕ್ಕಾ, ಒಳ್ಳೇದಾಯ್ತು. ನಿಮ್ಮ ಮಂಡಿ ಬದುಕ್ಕೊಳ್ತು" ಅಂದಳು. ಕಣ್ಣು ಕೆಂಪಾಗಿತ್ತು. ದೇವರೇ, ಆ ಕೆಂಪು ನೋಡಿ ನನಗೆ ಹಿತವಾಯಿತು. ಟೀ ಮುಗಿಯುವಷ್ಟರಲ್ಲಿ ಹಿತ ಹೋಗಿತ್ತು. ಲೋಟ ನಾನೇ ತೊಳೆದೆ, ಅವಳದ್ದನ್ನೂ.

ಜುಲೈ ೧೫, ಸೋಮವಾರ

ಸಂಜೆ ಹೊಸ ತಂಡ. ಆರು ಕೋಣೆ, ಎಲ್ಲ ಕೋಣೆಗೂ ನಾನು ಹೋಗಿ ಬರಬೇಕು. ಒಳ್ಳೆಯ ಸೀರೆ ತೆಗೆದಿಟ್ಟೆ. ಫೋನಿನಲ್ಲಿ ಸೆರಗು ಮಾತ್ರ ಕಾಣುತ್ತದೆ ಅಂತ ಯಜಮಾನರು ನಕ್ಕರು. ಸೆರಗಾದರೂ ಕಾಣಲಿ.

ಬೆಳಿಗ್ಗೆ ಚಿಕ್ಕವಳು ಬಟ್ಟೆ ಒಣಗಿಸಲು ಹೋಗಿದ್ದಳು. ಯಾರೂ ಇಲ್ಲದ್ದು ನೋಡಿಕೊಂಡು ಅತ್ತೆಯ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ಕೈ ಹಿಡಿದುಕೊಂಡೆ. ಇವಳೊಬ್ಬಳಿಗೇ ಬರುವ ವಿದ್ಯೆ ಏನಲ್ಲವಲ್ಲ, ನೋಡೇಬಿಡೋಣ ಅಂತ.

ಅತ್ತೆ ನನ್ನ ಮುಖ ನೋಡಿದರು. ತುಟಿ ಅಲುಗಿತು. "ಚಿ..." ಅಂದರು. ಚಿಮಟಿ, ಚಿಲಕ, ಚಿಂತೆ, ಎಷ್ಟೋ ಮಾತು ನನ್ನ ನಾಲಿಗೆಯ ತುದಿಗೆ ಬಂದು ಸಾಲುಗಟ್ಟಿ ನಿಂತವು. ಹಲ್ಲು ಕಚ್ಚಿದೆ. ಅತ್ತೆ ಕಣ್ಣು ಮುಚ್ಚಿದರು, ತೆರೆದರು. ಒಲೆಯ ಮೇಲಿನ ನೀರು ಕುದಿಯತೊಡಗಿದ್ದು ಕೇಳಿಸಿತು. ಏಳಲಿಲ್ಲ. ಅವರ ಬೆರಳು ನನ್ನ ಬೆರಳನ್ನು ಒತ್ತಿತು. ಲಕ್ವ ಹೊಡೆದಂದಿನಿಂದ ಈ ಕೈಯನ್ನು ಎಷ್ಟು ಸಲ ತೊಳೆದಿದ್ದೇನೆ, ಒರೆಸಿದ್ದೇನೆ. ಅದು ತಾನಾಗಿ ನನ್ನನ್ನು ಹಿಡಿದದ್ದು ಇವತ್ತು. ಕಾದೆ. ಇಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ನಾನು ದೇವರ ಮುಂದೆಯೂ ಕೂತಿಲ್ಲ.

ಬಂತು. ಪೂರ್ತಿಯಾಗಿ, ತುಂಡಾಗದೆ ಬಂತು.

"ಚಿಕ್ಕವಳು ಎಲ್ಲಿ?"

ಎದೆಗೆ ಕೊಳ್ಳಿ ಇಟ್ಟ ಹಾಗಾಯಿತು. ಇಷ್ಟು ಕಾದದ್ದು ಇದಕ್ಕೇ? ನಾನು ಕೂತಿದ್ದೇನೆ, ಕೈ ಹಿಡಿದಿದ್ದೇನೆ, ಕೇಳುವುದು ಅವಳನ್ನು! ಎದ್ದು ಹೋಗಿ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿಬಿಡೋಣ ಅನ್ನಿಸಿತು. ಎದ್ದೆ ಕೂಡ.

ಆದರೆ ಎರಡು ಮಾತು ಪೂರ್ತಿ ಆಡಿದ್ದರು. ಆಡಿ, ನಾನು ಏನು ಹೇಳುತ್ತೇನೋ ಅಂತ ನನ್ನ ಮುಖವನ್ನೇ ನೋಡುತ್ತಿದ್ದರು.

ಹಿತ್ತಿಲ ಬಾಗಿಲಿಗೆ ಹೋಗಿ ಕೂಗಿದೆ: "ಚಿಕ್ಕವಳೇ, ಬಟ್ಟೆ ಹಾಗೇ ಬಿಟ್ಟು ಬಾ. ಅತ್ತೆ ನಿನ್ನ ಕೇಳ್ತಿದ್ದಾರೆ. ಬಾಯಿ ಬಿಟ್ಟು ಕೇಳಿದ್ರು ಕಣೇ, ಬೇಗ ಬಾ."